ಹತ್ತಾರು ವರ್ಷ ಕಾಯಬೇಕಾಗಿಲ್ಲದ ಕೆಂಪು ವೈನ್: ಮಲೆನಾಡಿನ ಮನೆಗಳಿಗೆ ಒಂದಿಷ್ಟು ಮಾಹಿತಿ

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲೂಕುಗಳ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್ಮಸ್, ಮದುವೆ, ವಿವಾಹದ ಬೆಳ್ಳಿಹಬ್ಬ ಮುಂತಾದ ಸಂದರ್ಭಗಳಲ್ಲಿ ಕೇಕಿನ ಜೊತೆ ಒಂದು ಗ್ಲಾಸು ವೈನ್ ಕೊಡುವುದು ವಾಡಿಕೆ. ಹೆಚ್ಚಿನ ಕಡೆ ಇದು ದ್ರಾಕ್ಷಿ, ಸಕ್ಕರೆ, ಈಸ್ಟ್, ಒಂದಿಷ್ಟು ಗೋಧಿ, ಚಕ್ಕೆ ಲವಂಗ ಸೇರಿಸಿ ಭರಣಿಯಲ್ಲಿಟ್ಟ ಮನೆ ವೈನ್. (ಇದನ್ನು ಪರವಾನಗಿ ಇಲ್ಲದೆ ಮಾರುವುದು ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ ಎಂಬುದು ನೆನಪಿರಲಿ.) ಈಚೆಗೆ ಹೊರದೇಶದಲ್ಲಿ ದುಡಿಯುವ ಮಕ್ಕಳು ತಂದುಕೊಟ್ಟ ಬಾಟಲಿಗಳೂ, ಬೆಂಗಳೂರಿನಿಂದ ಕೊಂಡು ತಂದವೂ ಮನೆಗಳಲ್ಲಿ ಕಾಣಸಿಗುತ್ತವೆ.

ತೊಂದರೆ ಇರುವುದು ಇಲ್ಲೇ. ವೈನ್ ಹಳತಾದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಆ ಬಾಟಲಿಯನ್ನು ಶೋಕೇಸಿನಲ್ಲಿ ನಿಲ್ಲಿಸಿಡುತ್ತಾರೆ. ಮಗಳ ಮದುವೆಗೋ ಗೃಹಪ್ರವೇಶಕ್ಕೋ ಎಂದು ಹತ್ತು ಹನ್ನೆರಡು ವರ್ಷ ಕಾದು ತೆರೆದಾಗ ಒಳಗಿರುವುದು ಕಂದು ಬಣ್ಣದ ಹುಳಿ ನೀರು. ಬೆಲೆಯೂ ಹೋಯಿತು, ತಂದುಕೊಟ್ಟವರ ಪ್ರೀತಿಯೂ ವ್ಯರ್ಥವಾಯಿತು. ವಾಸ್ತವವೆಂದರೆ ಜಗತ್ತಿನಲ್ಲಿ ತಯಾರಾಗುವ ವೈನ್‌ಗಳಲ್ಲಿ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿಯಲೆಂದೇ ಮಾಡಿದವು. ಇಟ್ಟರೆ ಉತ್ತಮಗೊಳ್ಳುವವು ಬೆರಳೆಣಿಕೆಯಷ್ಟು ಮಾತ್ರ.

ಒಗರು ಎಂಬ ಕೀಲಿಕೈ

ಕೆಂಪು ವೈನ್ ಏಕೆ ಕಾಯಬೇಕು? ಅದಕ್ಕೆ ಮುಖ್ಯ ಕಾರಣ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರು ನಾಲಿಗೆಗೆ ತಾಗಿದರೆ ಬಾಯಿ ಹೇಗೆ ಬಿಗಿಯುತ್ತದೆಂದು ನಮ್ಮ ತೋಟದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅದೂ ಇದೇ ಜಾತಿಯ ವಸ್ತು. ಕಾಬರ್ನೆ ಸೊವಿನ್ಯೋನ್, ಇಟಲಿಯ ನೆಬ್ಬಿಯೋಲೋ ಮೊದಲಾದ ದ್ರಾಕ್ಷಿಗಳಲ್ಲಿ ಈ ಒಗರು ಹೆಚ್ಚು. ವರ್ಷ ಕಳೆದಂತೆ ಅದು ಮೆತ್ತಗಾಗುತ್ತದೆ, ಜೊತೆಗೆ ಹಣ್ಣಿನ ಪರಿಮಳವೂ ಕುಗ್ಗುತ್ತದೆ. ಒಗರು, ಹುಳಿ, ಹಣ್ಣಿನ ಸಾರ ಮೂರೂ ಬಲವಾಗಿದ್ದ ವೈನ್ ಮಾತ್ರ ದೀರ್ಘಕಾಲ ತಾಳುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ 1855ರ ವರ್ಗೀಕರಣದ ಹೆಸರಾಂತ ಶಾಟೋಗಳದ್ದು, ಇಟಲಿಯ ಬರೋಲೋ ಇಂಥವು. ಇವು ಬೆಲೆಯಲ್ಲಿಯೂ ನಮಗೆ ದೂರ, ತಾಳ್ಮೆಯಲ್ಲಿಯೂ ದೂರ.

ಇನ್ನೊಂದು ಅಡ್ಡಿ ನಮ್ಮ ಹವೆ. ಬಾಟಲಿ ಹಣ್ಣಾಗಲು ವರ್ಷವಿಡೀ 12ರಿಂದ 15 ಡಿಗ್ರಿಯ ಏರುಪೇರಿಲ್ಲದ ತಂಪು ಬೇಕು. ಮಲೆನಾಡು ತಂಪು ಎನ್ನುವುದು ಮಳೆಗಾಲದ ಮಾತು. ಏಪ್ರಿಲ್ ತಿಂಗಳಲ್ಲಿ ಹಂಚಿನ ಮಾಡಿನ ಕೆಳಗೆ 30 ಡಿಗ್ರಿ ದಾಟುತ್ತದೆ. ಆಷಾಢದ ತೇವ ಕಾರ್ಕಿಗೆ ಹಾನಿ ಮಾಡದು, ಲೇಬಲಿಗೆ ಬೂಷ್ಟು ಹಿಡಿಯಬಹುದು ಅಷ್ಟೆ. ವೈನನ್ನು ಕೆಡಿಸುವುದು ಸೆಖೆ ಮತ್ತು ಬೆಳಕು. ಆದುದರಿಂದ ನಮ್ಮ ಕಡೆಯವರು ಕೊಳ್ಳಬೇಕಾದದ್ದು ಈಗಲೇ ಕುಡಿಯಲು ಸಿದ್ಧವಾಗಿರುವ ವೈನ್.

ನಮ್ಮ ರಾಜ್ಯದ ವೈನ್‌ಗಳು

ಮಳೆ ಹೆಚ್ಚಿರುವ ಈ ಮೂರು ತಾಲೂಕುಗಳಲ್ಲಿ ದ್ರಾಕ್ಷಿ ಬೆಳೆಗೆ ಶಿಲೀಂಧ್ರ ರೋಗದ ಕಾಟ ತಪ್ಪಿದ್ದಲ್ಲ. ಆದರೆ ಬಯಲುಸೀಮೆಯಲ್ಲಿ ಒಳ್ಳೆಯ ವೈನ್ ತಯಾರಾಗುತ್ತಿದೆ. ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ಬಳಿ ದೊಡ್ಡಬಳ್ಳಾಪುರದಲ್ಲಿ 1988ರ ಹೊತ್ತಿಗೆ ಫ್ರೆಂಚ್ ತಳಿಗಳನ್ನು ನೆಡಿಸಿದರು. 1990ರ ದಶಕದಲ್ಲಿ ಬೋರ್ಡೋದ ಪ್ರಸಿದ್ಧ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಈಗ ಗ್ರೋವರ್ ಝಾಂಪಾ ಎಂಬ ಹೆಸರಿರುವ ಈ ಸಂಸ್ಥೆಯ 'ಲಾ ರಿಸರ್ವ್' ಕಾಬರ್ನೆ ಮತ್ತು ಶಿರಾಜ್ ಸೇರಿಸಿ ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಡಿದ ವೈನ್. ಮನೆಯ ದೊಡ್ಡ ಸಮಾರಂಭಕ್ಕೆ ಒಂದೇ ಒಂದು ಬಾಟಲಿ ಹೇಳಿ ಎಂದರೆ ಮೊದಲು ಇದನ್ನೇ ಹೇಳಬಹುದು. ಚಿಕ್ಕಬಳ್ಳಾಪುರ ಕಡೆಯ ಎಸ್‌ಡಿಯು, ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್‌ನ ಕೃಷ್ಮಾ ಕೂಡಾ ಹೆಸರು ಮಾಡಿವೆ. (ಕೊಪ್ಪಳ ಎಂದರೆ ನಮ್ಮ ಕೊಪ್ಪವಲ್ಲ, ಇಲ್ಲಿ ಬಂದು ಹುಡುಕಬೇಡಿ.) 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದು ಈ ಬೆಳವಣಿಗೆಗೆ ನೆರವಾಯಿತು. ನೆರೆಯ ಮಹಾರಾಷ್ಟ್ರದಿಂದ ಬರುವ ಸುಲಾದ ದಿಂಡೋರಿ ರಿಸರ್ವ್ ಶಿರಾಜ್, ಅಕ್ಲೂಜ್‌ನ ಫ್ರಾಟೆಲ್ಲಿಯ ಸಾಂಜೊವೇಸೆ ಇವೂ ಮೆಚ್ಚತಕ್ಕವು.

ಭಾರತದ ಕೆಂಪು ವೈನ್‌ಗಳನ್ನು ಲೇಬಲಿನ ಮೇಲಿನ ಕೊಯ್ಲಿನ ವರ್ಷದಿಂದ ಎರಡರಿಂದ ಐದು ವರ್ಷಗಳೊಳಗೆ ಮುಗಿಸುವುದು ಒಳಿತು. ಪೀಪಾಯಿ ಕಂಡ ರಿಸರ್ವ್ ದರ್ಜೆಯವು ಇನ್ನೂ ಒಂದೆರಡು ವರ್ಷ ತಾಳಬಲ್ಲವು. ನಮ್ಮಲ್ಲಿ ಕೊಯ್ಲು ವರ್ಷದ ಆರಂಭದಲ್ಲೇ ಆಗುವುದರಿಂದ ಇಲ್ಲಿನ ವೈನ್ ಅದೇ ಇಸವಿಯ ಯುರೋಪಿನ ವೈನಿಗಿಂತ ಆರೇಳು ತಿಂಗಳು ಹಿರಿಯದು. ಸಿಹಿಯಾದ 'ಪೋರ್ಟ್' ಬೇರೆಯೇ ವರ್ಗ. ಕೇಕಿನ ಜೊತೆ ಸರಿ, ಊಟಕ್ಕೆ ಹೊಂದದು.

ಹೊರದೇಶದಿಂದ ತರುವವರಿಗೆ

ಸ್ಪೇನಿನ ರಿಯೋಹಾ ಈ ವಿಷಯದಲ್ಲಿ ದೊಡ್ಡ ಉಪಕಾರಿ. ಅಲ್ಲಿ ಕಾಯುವ ಕೆಲಸವನ್ನು ತಯಾರಕರೇ ಮಾಡಿ ಮುಗಿಸಿರುತ್ತಾರೆ. ಲೇಬಲಿನಲ್ಲಿ 'ಕ್ರಿಯಾಂಥಾ' ಎಂದಿದ್ದರೆ ಒಂದು ವರ್ಷ ಪೀಪಾಯಿಯೂ ಸೇರಿ ಕನಿಷ್ಠ ಎರಡು ವರ್ಷ, 'ರೆಸೆರ್ವಾ' ಎಂದಿದ್ದರೆ ಮೂರು ವರ್ಷ, 'ಗ್ರಾನ್ ರೆಸೆರ್ವಾ' ಎಂದಿದ್ದರೆ ಐದು ವರ್ಷ ಕಳೆದ ಮೇಲೆಯೇ ಅಂಗಡಿಗೆ ಬಂದದ್ದು ಎಂದರ್ಥ. ಹಳೆಯ ವೈನಿನ ರುಚಿ ಬೇಕು, ಆದರೆ ಕಾಯಲಾರೆ ಎನ್ನುವವರು ರೆಸೆರ್ವಾ ತರಿಸಿಕೊಳ್ಳಲಿ.

ಹಗುರವಾದದ್ದು ಬೇಕಾದರೆ ಗಮೇ ದ್ರಾಕ್ಷಿಯ ಬೋಜೊಲೆ. ಅದರಲ್ಲೂ ಮೊರ್ಗೋನ್, ಫ್ಲೂರಿ ಎಂಬ ಊರುಗಳ ಹೆಸರಿದ್ದದ್ದು. ಅರ್ಜೆಂಟೀನಾದ ಮಾಲ್ಬೆಕ್, ಚಿಲಿಯ ಮೆರ್ಲೋ, ದಕ್ಷಿಣ ಫ್ರಾನ್ಸಿನ ಕೋತ್ ದು ರೋನ್ ಇವೆಲ್ಲ ತಂದ ದಿನವೇ ತೆರೆಯಬಹುದಾದವು. ಬೋರ್ಡೋವೇ ಆಗಬೇಕು ಎಂಬ ಹಟವಿದ್ದರೆ ಮೆರ್ಲೋ ಹೆಚ್ಚಿರುವ ಸೇಂಟ್ ಎಮಿಲಿಯೋನ್ ಕಡೆಯದು, ಅಥವಾ ದೊಡ್ಡ ಶಾಟೋಗಳ 'ಎರಡನೆಯ ವೈನ್' ಹುಡುಕುವುದು ಜಾಣತನ. ಕಾರ್ಕಿನ ಬದಲು ತಿರುಗಿಸುವ ಮುಚ್ಚಳವಿದ್ದರೆ ಅಗ್ಗದ್ದು ಎಂದು ಮೂಗು ಮುರಿಯಬೇಡಿ. ಆಸ್ಟ್ರೇಲಿಯಾ, ನ್ಯೂಝಿಲೆಂಡಿನ ಉತ್ತಮ ವೈನ್‌ಗಳೂ ಹೀಗೆಯೇ ಬರುತ್ತವೆ.

ಕೊಳ್ಳುವಾಗ, ಬಡಿಸುವಾಗ

ನಮ್ಮ ಪೇಟೆಗಳಲ್ಲಿ 'ವೈನ್ಸ್' ಎಂಬ ಬೋರ್ಡು ಇರುವ ಅಂಗಡಿಗಳಲ್ಲಿ ವ್ಯಾಪಾರ ನಡೆಯುವುದು ಹೆಚ್ಚಾಗಿ ವಿಸ್ಕಿ, ಬ್ರಾಂದಿಯದ್ದು. ವೈನ್ ಬಾಟಲಿ ಟ್ಯೂಬ್‌ಲೈಟಿನ ಕೆಳಗೆ ಎಷ್ಟು ಬೇಸಿಗೆ ಕಂಡಿದೆಯೋ ಹೇಳಲಾಗದು. ಇಸವಿ ನೋಡಿ, ಕಾರ್ಕು ಮೇಲೆ ಉಬ್ಬಿದೆಯೇ, ಕುತ್ತಿಗೆಯಲ್ಲಿ ಸೋರಿದ ಅಂಟು ಇದೆಯೇ ಪರೀಕ್ಷಿಸಿ. ಸಂಶಯ ಬಂದರೆ ಬಿಟ್ಟುಬಿಡಿ. ಕಾರ್ಯಕ್ರಮಕ್ಕೆ ಹತ್ತು ಬಾಟಲಿ ಬೇಕಾದಲ್ಲಿ ಮೊದಲು ಒಂದನ್ನು ಕೊಂಡು ರುಚಿ ನೋಡಿ.

ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕು ಎಂಬುದು ಯುರೋಪಿನ ಕೋಣೆಗೆ ಸಲ್ಲುವ ಮಾತು. ಬೇಕಾದದ್ದು 16ರಿಂದ 18 ಡಿಗ್ರಿ. ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಗರು ಜೋರಾಗಿದೆಯೆಂದು ಕಂಡರೆ ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದು ಒಂದು ಗಂಟೆ ಗಾಳಿಗೆ ಬಿಡಿ. ಇದರಿಂದ ಎಳೆಯ ವೈನ್ ಎಷ್ಟೋ ಹದಕ್ಕೆ ಬರುತ್ತದೆ. ಹಂದಿ ಬಫಾತ್, ಸನ್ನಗಳ ಊಟಕ್ಕೆ ಒಗರು ಕಡಿಮೆಯ, ಹಣ್ಣಿನ ರುಚಿ ಮುಂದಾಗಿರುವ ಶಿರಾಜ್ ಅಥವಾ ಮೆರ್ಲೋ ಹೊಂದುತ್ತದೆ. ಮೆಣಸಿನ ಖಾರದೆದುರು ಒಗರಿನ ಕಾಬರ್ನೆ ಇನ್ನಷ್ಟು ಒರಟಾಗಿ ಕಾಣುತ್ತದೆ.

ಕೆಂಪು ವೈನ್ ಹೃದಯಕ್ಕೆ ಔಷಧಿ ಎಂದು ಹಿರಿಯರಿಗೆ ಒತ್ತಾಯಿಸುವುದು ಬೇಡ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಗರ್ಭಿಣಿಯರಿಗೆ, ಮಾತ್ರೆ ಸೇವಿಸುವವರಿಗೆ, ಘಾಟಿ ರಸ್ತೆಯಲ್ಲಿ ವಾಹನ ಓಡಿಸುವವರಿಗೆ ದ್ರಾಕ್ಷಿ ಶರಬತ್ತು ಇರಲಿ.

ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಅದಾದ ಮೇಲೂ ಉಳಿದದ್ದನ್ನು ಮಾಂಸ ಬೇಯಿಸುವಾಗ ವಿನೆಗರ್ ಕಡಿಮೆ ಮಾಡಿ ಒಂದು ಲೋಟ ಹಾಕಬಹುದು.