ಮಲೆನಾಡಿನ ಕ್ಷಯರೋಗಿ ಮತ್ತು ಚಿಕಿತ್ಸೆಯ ದೂರ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಕೆಳದಿಯ ಅರಸರನ್ನೂ ಅಡಕೆಯ ವ್ಯಾಪಾರವನ್ನೂ ಶರಾವತಿಯ ವಿದ್ಯುತ್ತನ್ನೂ ಕುರಿತು ವಿಸ್ತಾರವಾಗಿ ಹೇಳಿದ್ದಾರೆ. ರೋಗಗಳ ಮಾತು ಬಂದಾಗ ಮಲೆನಾಡಿನ ಚಳಿಜ್ವರವೊಂದೇ ಅವರ ಗಮನವನ್ನು ಸೆಳೆದಿದೆ. ಶ್ವಾಸಕೋಶದ ಕ್ಷಯವು ಸದ್ದಿಲ್ಲದೆ ಕೊಲ್ಲುವ ರೋಗವಾದ ಕಾರಣ ಚರಿತ್ರೆಯಲ್ಲಿಯೂ ಸದ್ದಿಲ್ಲದೆ ಉಳಿದಿದೆ. ಈ ರೋಗಿಯು ಅಜ್ಞಾನದಿಂದ ಚಿಕಿತ್ಸೆಗೆ ದೂರವಾದನೋ ಅಥವಾ ಚಿಕಿತ್ಸೆಯೇ ಅವನಿಗೆ ದೂರವಾಗಿತ್ತೋ ಎಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಈ ರೋಗದ ಪರಿಚಯ ನಮ್ಮವರಿಗೆ ಹೊಸತಲ್ಲ. ಆಯುರ್ವೇದವು ಇದನ್ನು ರಾಜಯಕ್ಷ್ಮವೆಂದು ಕರೆದು, ಕೆಮ್ಮು, ಜ್ವರ, ರಕ್ತ ಕಾರುವಿಕೆ, ದೇಹಶೋಷಣೆಗಳನ್ನು ಅದರ ಲಕ್ಷಣಗಳಾಗಿ ಹೇಳಿದೆ. 12ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿ ವೈದ್ಯವನ್ನು ಕನ್ನಡಕ್ಕೆ ತಂದನು. ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿಯೂ ವೈದ್ಯಕ್ಕೆ ಸ್ಥಾನವುಂಟು. ಮನೆಮನೆಯಲ್ಲಿ ಬಳಕೆಯಲ್ಲಿದ್ದ ಆಡುಸೋಗೆಯ ಕಷಾಯವು ಕೆಮ್ಮನ್ನು ಶಮನಗೊಳಿಸುತ್ತಿತ್ತು. ರೋಗದ ಮೂಲವನ್ನು ಕೀಳಲು ಅದು ಸಮರ್ಥವಾಗಿರಲಿಲ್ಲ.

1882ರಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನು ಕಂಡುಹಿಡಿದ ಬಳಿಕವೂ ಆರು ದಶಕಗಳ ಕಾಲ ಅದನ್ನು ಕೊಲ್ಲುವ ಮದ್ದು ದೊರೆಯಲಿಲ್ಲ. ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರ ಆಹಾರ, ಇವೇ ಚಿಕಿತ್ಸೆಯಾಗಿದ್ದುವು. ಇದಕ್ಕಾಗಿ ಆರೋಗ್ಯಧಾಮಗಳು ಹುಟ್ಟಿದುವು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣಾರ್ಥವಾಗಿ 1921ರಲ್ಲಿ ಮೈಸೂರು ನಗರದಲ್ಲಿ ಅಂಥದೊಂದು ಧಾಮವು ಸ್ಥಾಪಿತವಾಯಿತು. ಅರಮನೆಯನ್ನೂ ಬಿಡದ ರೋಗವಿದು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಆದರೆ ತೀರ್ಥಹಳ್ಳಿಯ ರೋಗಿಯು ಅಲ್ಲಿಗೆ ಹೋಗಬೇಕಾದರೆ ರಸ್ತೆಯಲ್ಲಿ ಶಿವಮೊಗ್ಗೆಗೆ ಬಂದು, ಬೀರೂರು, ಅರಸೀಕೆರೆಗಳ ಮಾರ್ಗವಾಗಿ ರೈಲಿನಲ್ಲಿ ಮೈಸೂರನ್ನು ಸೇರಬೇಕಾಗಿತ್ತು. ತಿಂಗಳುಗಟ್ಟಲೆ ದುಡಿಮೆಯನ್ನು ಬಿಟ್ಟಿರಬೇಕಾಗಿತ್ತು. ತೋಟದ ಕೂಲಿಯವನಿಗೆ ಇದು ಸಾಧ್ಯವೇ?

ಸ್ಟ್ರೆಪ್ಟೊಮೈಸಿನ್ ಮತ್ತು ಪಿ.ಎ.ಎಸ್. ಔಷಧಗಳು 1940ರ ದಶಕದಲ್ಲಿಯೂ ಐಸೋನಿಯಾಜಿಡ್ 1952ರಲ್ಲಿಯೂ ಬಳಕೆಗೆ ಬಂದುವು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವು, ಬಡವರ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದು ವರ್ಷ ಔಷಧ ಸೇವಿಸಿದರೆ ಆರೋಗ್ಯಧಾಮದಲ್ಲಿ ದೊರೆಯುವಷ್ಟೇ ಗುಣ ದೊರೆಯುವುದೆಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅದರ ಪರವಾಗಿ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ಪ್ರಶ್ನೆಗೆ ಅತ್ಯಂತ ಮುಖ್ಯವಾದುದು. ಹಳ್ಳಿಗರು ತಮ್ಮ ರೋಗವನ್ನು ಅರಿಯರೆಂಬ ನಂಬಿಕೆಯನ್ನು ಅದು ಅಲ್ಲಗಳೆಯಿತು. ರೋಗಿಗಳಲ್ಲಿ ಬಹುಮಂದಿಗೆ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಇದ್ದರು. ಅಲ್ಲಿ ಅನೇಕರಿಗೆ ದೊರೆತುದು ಒಂದು ಸೀಸೆ ಕೆಮ್ಮಿನ ಮದ್ದು ಮಾತ್ರ. ತುಮಕೂರು ಬಯಲುಸೀಮೆಯಾದರೂ, ಜನರ ಅಜ್ಞಾನವನ್ನೇ ಕಾರಣವೆನ್ನುವ ವಾದವನ್ನು ಮಲೆನಾಡಿನ ವಿಷಯದಲ್ಲಿಯೂ ಪರೀಕ್ಷಿಸದೆ ಒಪ್ಪಲಾಗದು.

1962ರ ಜಿಲ್ಲಾ ಕ್ಷಯರೋಗ ಕಾರ್ಯಕ್ರಮವು ಕಫಪರೀಕ್ಷೆಯನ್ನೂ ಔಷಧವನ್ನೂ ಸಮೀಪದ ಆಸ್ಪತ್ರೆಗಳಲ್ಲಿಯೇ ಒದಗಿಸಲು ಉದ್ದೇಶಿಸಿತು. ಮನೆಯಲ್ಲಿದ್ದು ಪಡೆಯುವ ಈ ಚಿಕಿತ್ಸೆಗೆ ರೋಗಿಯ ಸ್ಥಿರವಾದ ವಾಸಸ್ಥಳವೇ ಆಧಾರ. ಆದರೆ ಎರಡೇ ವರ್ಷಗಳಲ್ಲಿ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದುವು. ಮನೆಯೇ ಮುಳುಗಿದವನಿಗೆ ಮನೆಯ ಚಿಕಿತ್ಸೆ ಎಲ್ಲಿಯದು? ಊರಲ್ಲಿ ಉಳಿದವನಿಗೂ ಹತ್ತಿರದ ಆಸ್ಪತ್ರೆಯ ನಡುವೆ ನೀರು ಬಂದು ನಿಂತಿತು.

ಆದುದರಿಂದ ಔಷಧ ಕಂಡುಹಿಡಿದ ವರ್ಷವನ್ನೇ ರೋಗವಿಮೋಚನೆಯ ವರ್ಷವೆಂದು ಎಣಿಸುವುದು ಯುಕ್ತವಲ್ಲ. ಪ್ರಯೋಗಶಾಲೆಯಿಂದ ಮಲೆನಾಡಿನ ಮನೆಯ ಜಗಲಿಯವರೆಗೆ ಔಷಧ ನಡೆದ ದಾರಿಯೇ ವೈದ್ಯಚರಿತ್ರೆಯ ನಿಜವಾದ ವಸ್ತು. ಈ ತಾಲ್ಲೂಕುಗಳ ವಿದ್ಯಾರ್ಥಿಗಳು ಆಸ್ಪತ್ರೆಗಳ ದಾಖಲೆಗಳನ್ನೂ ವೃದ್ಧರ ನೆನಪುಗಳನ್ನೂ ಒಟ್ಟಿಗೆ ಇಟ್ಟು ಆ ದಾರಿಯನ್ನು ಗುರುತಿಸಬೇಕೆಂದು ನಾವು ಆಶಿಸುತ್ತೇವೆ.