ಖಿದ್ಮತ್ತಿಗೆ ಸನದು ಬಂದ ಬಗೆ

ಆಸ್ಪತ್ರೆಗೆ ಹೋದಾಗ ನಾವು ಬೋರ್ಡಿನ ಮೇಲೆ ಡಾಕ್ಟರರ ಹೆಸರಿನ ಮುಂದಿರುವ ಪದವಿಗಳನ್ನು ಗಮನವಿಟ್ಟು ಓದುತ್ತೇವೆ. ರಾತ್ರಿಯಿಡೀ ಎಚ್ಚರವಿದ್ದು ಗ್ಲೂಕೋಸ್ ಬಾಟಲಿ ಬದಲಿಸುವ, ಜ್ವರ ನೋಡಿ ಬರೆದಿಡುವ 'ಸಿಸ್ಟರ್' ಏನು ಓದಿದ್ದಾರೆಂದು ಮಾತ್ರ ಕೇಳುವುದಿಲ್ಲ. ನಮ್ಮ ಮೊಹಲ್ಲಾದ ಒಬ್ಬ ಆಪಾ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಹತ್ತು ವರ್ಷ ವಾರ್ಡಿನಲ್ಲಿ ದುಡಿದು, ಎರಡು ಮಕ್ಕಳ ತಾಯಿಯಾದ ಮೇಲೆ ಬಿ.ಎಸ್ಸಿ. ಓದಲು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: 'ನೌಕರಿ ಇದೆ, ಸಂಬಳ ಬರುತ್ತಿದೆ, ಇನ್ನೇಕೆ ಓದು?' ಆ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ.

ರೋಗಿಯ ಶುಶ್ರೂಷೆ ಮುಸ್ಲಿಮರಿಗೆ ಹೊಸದೇನಲ್ಲ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿ ಮುಹಮ್ಮದ್(ಸ) ಅವರನ್ನು ಕಳಿಸಿದ್ದು ಮದೀನಾದ ಮಸೀದಿಯಲ್ಲಿದ್ದ ಒಂದು ಡೇರೆಗೆ. ಅದು ಅಸ್ಲಮ್ ಕುಲದ ರುಫೈದಾ(ರ) ಎಂಬ ಮಹಿಳೆಯ ಡೇರೆ. ಗಾಯಾಳುಗಳ ಆರೈಕೆ ಮಾಡುವುದು ಆಕೆಯ ಕೆಲಸವಾಗಿತ್ತೆಂದು ಇಬ್ನ್ ಇಸ್ಹಾಕ್ ದಾಖಲಿಸಿದ್ದಾರೆ. ಮಸೀದಿಯ ಅಂಗಳದಲ್ಲೇ ಜಾಗ ಪಡೆದ ಆ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಯಾವುದು ಬೇಕು? ಈ ಪ್ರಸಂಗವನ್ನು ನಾವು ಜಲಸಾಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮಗಳನ್ನು ನರ್ಸಿಂಗಿಗೆ ಸೇರಿಸುವ ಮಾತು ಬಂದರೆ ಮೌನವಾಗುತ್ತೇವೆ.

ಆಧುನಿಕ ನರ್ಸಿಂಗ್ ಶಿಕ್ಷಣ ಬಂದದ್ದು ಬೇರೆ ದಾರಿಯಿಂದ. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ತುರ್ಕಿಯ ಉಸ್ಕುದಾರಿನ ಸೇನಾ ಆಸ್ಪತ್ರೆಯಲ್ಲಿ ಕೆಲಸ ಮಾಡಿ, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದರು. ನಮ್ಮಲ್ಲಿ ಮದರಾಸಿನ ಜನರಲ್ ಆಸ್ಪತ್ರೆ 1871ರಲ್ಲಿ ನರ್ಸುಗಳ ತರಬೇತಿಗೆ ಕೈಹಾಕಿತು. ಗಂಡಸು ಡಾಕ್ಟರರ ಮುಂದೆ ಬರಲೊಲ್ಲದ ಪರದೆಯ ಹೆಂಗಸರಿಗೂ ಚಿಕಿತ್ಸೆ ಮುಟ್ಟಲೆಂದು 1885ರಲ್ಲಿ ಡಫರಿನ್ ನಿಧಿ ಹುಟ್ಟಿಕೊಂಡಿತು. ಆದರೆ ಈ ಶಾಲೆಗಳೆಲ್ಲ ಆಸ್ಪತ್ರೆಯ ಅಂಗಗಳಾಗಿದ್ದವು. ವಿದ್ಯಾರ್ಥಿನಿ ವಾರ್ಡಿನಲ್ಲಿ ದುಡಿಯುತ್ತಲೇ ಕಲಿಯಬೇಕು. ಆಕೆ ಅರ್ಧ ವಿದ್ಯಾರ್ಥಿನಿಯಾದರೆ ಅರ್ಧ ಆಸ್ಪತ್ರೆಯ ಕೈಯಾಳು. ಕೊನೆಗೆ ಸಿಗುತ್ತಿದ್ದುದು ಆಸ್ಪತ್ರೆಯ ಸರ್ಟಿಫಿಕೇಟು, ವಿಶ್ವವಿದ್ಯಾಲಯದ ಸನದಲ್ಲ. ನರ್ಸುಗಳ ಹೆಸರನ್ನು ಕಾನೂನುಬದ್ಧವಾಗಿ ನೋಂದಾಯಿಸುವ ಕಾಯ್ದೆ ಮದರಾಸು ಪ್ರಾಂತದಲ್ಲಿ ಬಂದದ್ದೂ 1926ರಲ್ಲಿ.

ಈ ವೃತ್ತಿಗೆ ಮೊದಲು ಧೈರ್ಯ ಮಾಡಿದವರು ಬಹುಪಾಲು ಆಂಗ್ಲೋ-ಇಂಡಿಯನ್ ಮತ್ತು ಕ್ರೈಸ್ತ ಹೆಣ್ಣುಮಕ್ಕಳು. ಮೇಲ್ಜಾತಿಯ ಹಿಂದೂಗಳಿಗೆ ಮೈಲಿಗೆಯ ಭಯ, ನಮಗೆ ಪರದೆಯ ಭಯ. ನಮ್ಮ ಹೆಂಗಸರ ಹೆರಿಗೆಗೆ ಹೆಂಗಸೇ ಬೇಕು, ಆದರೆ ಆಕೆ ಬೇರೆಯವರ ಮನೆಯ ಮಗಳಾಗಿರಬೇಕು ಎಂಬ ವಿಚಿತ್ರ ನ್ಯಾಯ ನಮ್ಮದು. ಇದರ ಪರಿಣಾಮ ಅಂಕಿಅಂಶಗಳಲ್ಲೇ ಇದೆ. 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕದಂತೆ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು!

ಅದೇ 1946ರಲ್ಲಿ ದಿಲ್ಲಿಯ ನರ್ಸಿಂಗ್ ಕಾಲೇಜು ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ದಿಲ್ಲಿಯ ಕಾಲೇಜಿಗೆ ಇಂದು ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿದೆ. ದೇಶದುದ್ದಕ್ಕೂ ಒಂದೇ ಮಟ್ಟದ ತರಬೇತಿ ಇರಲೆಂದು 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯೂ ಬಂತು.

ಇದರಿಂದ ಒಂದು ಹೊಸ ಅನ್ಯಾಯವೂ ಹುಟ್ಟಿತು. ನೇರವಾಗಿ ಕಾಲೇಜು ಸೇರಿದವರು ಪದವೀಧರರಾದರು. ಆಸ್ಪತ್ರೆಯ ಶಾಲೆಯಲ್ಲಿ ಕಲಿತು, ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದವರು ಕೆಳಗೇ ಉಳಿದರು. ನಿನ್ನೆ ಮೊನ್ನೆ ಬಂದವರು ಪಾಠ ಹೇಳುವ ಹುದ್ದೆಗೆ ಏರುವಾಗ, ಅವರಿಗೆ ಸೂಜಿ ಹಿಡಿಯುವುದನ್ನು ತೋರಿಸಿಕೊಟ್ಟ ಹಿರಿಯ ನರ್ಸ್ ಅದೇ ವಾರ್ಡಿನಲ್ಲಿ ಇರಬೇಕಾಯಿತು. ಈ ಎರಡು ಅಂತಸ್ತುಗಳ ನಡುವೆ ಮೆಟ್ಟಿಲು ಹಾಕಿದ್ದು 1963ರಲ್ಲಿ, ತಿರುವನಂತಪುರದಲ್ಲಿ. ಸರ್ಟಿಫಿಕೇಟು ಪಡೆದ ನರ್ಸುಗಳಿಗೆಂದೇ ಎರಡು ವರ್ಷದ ಪದವಿ ತರಗತಿ ಅಲ್ಲಿ ಮೊದಲು ಶುರುವಾಯಿತು. ಇಂದು ನಾವು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎನ್ನುವುದು ಇದನ್ನೇ.

ಇದಕ್ಕೆ ಸೇರಬೇಕಾದರೆ ಪಿಯುಸಿ ಮತ್ತು ಜನರಲ್ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ರಾಜ್ಯ ಪರಿಷತ್ತಿನಲ್ಲಿ ನರ್ಸ್ ಹಾಗೂ ಮಿಡ್‌ವೈಫ್ ಎಂದು ನೋಂದಣಿಯಾಗಿರಬೇಕು. ಎರಡು ವರ್ಷದಲ್ಲಿ ಸೂಕ್ಷ್ಮಜೀವಿ ಶಾಸ್ತ್ರ, ಜೀವರಸಾಯನ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಮುದಾಯ ಆರೋಗ್ಯ, ಬೋಧನೆ, ಆಡಳಿತ, ಸಂಶೋಧನೆ ಎಲ್ಲವನ್ನೂ ಓದಬೇಕು. ಅಂದರೆ ಕೈ ಮೊದಲೇ ಬಲ್ಲ ಕೆಲಸದ ಕಾರಣವನ್ನು ತಲೆ ಈಗ ಕಲಿಯುತ್ತದೆ. ಪದವಿ ಪಡೆದವರಿಗೆ ಬೋಧಕಿಯಾಗುವ, ಎಂ.ಎಸ್ಸಿ. ಮಾಡುವ ಬಾಗಿಲು ತೆರೆಯುತ್ತದೆ. ಕೆಲಸದಲ್ಲಿರುವ ನರ್ಸುಗಳಿಗಾಗಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1994ರಲ್ಲಿ ದೂರಶಿಕ್ಷಣದ ದಾರಿಯನ್ನೂ ತೆರೆಯಿತು. ಕರ್ನಾಟಕದಲ್ಲಿ ಈ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1996ರಲ್ಲಿ.

ದಾರಿ ಇದೆ ಎಂದ ಮಾತ್ರಕ್ಕೆ ನಡೆಯುವುದು ಸುಲಭವಲ್ಲ. ನಮ್ಮ ಆಪಾಗೆ ಓದಲು ರಜೆ ಸಿಗಲಿಲ್ಲ, ಕೆಲಸ ಬಿಟ್ಟರು. ಫೀಸಿಗೆ ಬಳೆ ಅಡವಿಟ್ಟರು. 1947ರ ಕಾಯ್ದೆಯ ಜಾಗದಲ್ಲಿ ಹೊಸ ಆಯೋಗ ರಚಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಆದರೆ ಕಾಯ್ದೆ ಮಟ್ಟವನ್ನು ನಿಗದಿ ಮಾಡಬಲ್ಲುದೇ ಹೊರತು, ಮನೆಯವರ ಮನಸ್ಸನ್ನು ತಿದ್ದಲಾರದು. ಡಾಕ್ಟರಿ ಓದುವ ಹುಡುಗನಿಗೆ ನಮ್ಮ ಜಮಾಅತ್ತುಗಳು ಸ್ಕಾಲರ್‌ಶಿಪ್ ಕೊಡುತ್ತವೆ. ಮೂವತ್ತೈದರ ನರ್ಸಿಗೆ ಏಕೆ ಕೊಡಬಾರದು?

ಪದವಿ ಮುಗಿಸಿದ ಆಪಾ ಈಗ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುತ್ತಾರೆ. ಅಷ್ಟು ಕಷ್ಟಪಟ್ಟು ಏನು ಸಿಕ್ಕಿತೆಂದು ನಾವೂ ಒಮ್ಮೆ ಕೇಳಿದ್ದೆವು. ಅವರು ಹೇಳಿದರು: "ರಾತ್ರಿ ಎರಡು ಗಂಟೆಗೆ ರೋಗಿಯ ಉಸಿರು ಬದಲಾದರೆ ನನಗೆ ಮೊದಲೂ ಗೊತ್ತಾಗ್ತಿತ್ತು ಭಾಯ್. ಯಾಕೆ ಬದಲಾಯ್ತು ಅಂತ ಡಾಕ್ಟರ್ ಎದುರು ಹೇಳೋಕೆ ಬರ್ತಿರಲಿಲ್ಲ. ಈಗ ಹೇಳ್ತೀನಿ. ಆ ಹುಡುಗಿಯರಿಗೂ ಹೇಳೋದು ಕಲಿಸ್ತೀನಿ."

ಮೊಹಲ್ಲಾದವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿದಿಲ್ಲ.