ಹಾಲವಾಣದ ಬೇರಿನ ಗಂಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಕಾಫಿ ತೋಟಗಳಿಗೆ ಹಾಲವಾಣದ ಮರ ಹೊಸತಲ್ಲ. ಕೊಂಬೆ ಕಡಿದು ನೆಟ್ಟರೂ ಚಿಗುರುವ ಈ ಮರ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಅದರ ಸೊಪ್ಪು ಮಣ್ಣಿಗೆ ಗೊಬ್ಬರ. ಉದ್ದು, ಹೆಸರು, ಹುರುಳಿಗಳ ಬಳಗಕ್ಕೇ ಸೇರಿದ ಇದರ ಎಳೆಬೇರನ್ನು ಕೆದಕಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ನೋಡಿದವರಿಗೆ ರೋಗವೆಂದೇ ತೋರುವ ಈ ಗಂಟುಗಳ ಗುಟ್ಟನ್ನು ಬಿಡಿಸಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ದ್ವಿದಳ ಸಸ್ಯಗಳು ಗಂಟುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತವೆ ಎಂದು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಪ್ರಕಟಿಸಿದರು. ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವರು ಹಾಲೆಂಡಿನ ಬೈಯೆರಿಂಕ್. ಕಾಫಿಯ ಎಲೆರೋಗದ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರವೂ ಆರಂಭವಾಗುವ ಹೊತ್ತಿಗೆ ಇದು ಪಠ್ಯಪುಸ್ತಕದ ಮಾತಾಗಿತ್ತು. ಆದರೆ ಗಂಟನ್ನು ಕಟ್ಟುವುದು ಬ್ಯಾಕ್ಟೀರಿಯಾವೋ ಗಿಡವೋ ಎಂಬ ಪ್ರಶ್ನೆ ಉಳಿದೇ ಇತ್ತು.

ಅಮೆರಿಕದ ಕೆನೆತ್ ತಿಮನ್ 1936ರಲ್ಲಿ ಬಟಾಣಿಯ ಗಂಟುಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನನ್ನು ಕಂಡು, ಗಂಟಿನ ಬೆಳವಣಿಗೆಯಲ್ಲಿ ಅದಕ್ಕೆ ಪಾತ್ರವಿದೆ ಎಂದರು. ಬ್ಯಾಕ್ಟೀರಿಯಾ ಬೇರಿಗೆ ಕಳುಹಿಸುವ ರಾಸಾಯನಿಕ ಸಂಕೇತದ ರಚನೆಯನ್ನು ಫ್ರಾನ್ಸಿನ ವಿಜ್ಞಾನಿಗಳು 1990ರಲ್ಲಿ ಗುರುತಿಸಿದರು. ಈ ಸಂಕೇತ ಮುಟ್ಟಿದೊಡನೆ ಬೇರಿನೊಳಗೆ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಕೆಲಸಕ್ಕಿಳಿಯುತ್ತದೆ. ಒಳಪದರದ ಜೀವಕೋಶಗಳು ಒಡೆದು ಹೆಚ್ಚತೊಡಗುತ್ತವೆ. ಆಕ್ಸಿನ್ ಆ ಜಾಗದಲ್ಲಿ ಶೇಖರವಾಗಿ ಗಂಟು ಮೂಡುತ್ತದೆ. 2007ರಲ್ಲಿ ಲೋಟಸ್ ಜಪಾನಿಕಸ್ ಎಂಬ ಪುಟ್ಟ ದ್ವಿದಳ ಗಿಡದ ಮೇಲೆ ನಡೆದ ಪ್ರಯೋಗ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟಿತು. ಸೈಟೊಕೈನಿನ್ ಗ್ರಾಹಕ ಸದಾ ಎಚ್ಚರವಾಗಿರುವಂತೆ ಮಾರ್ಪಾಡಾಗಿದ್ದ ಗಿಡ, ಒಂದೂ ಬ್ಯಾಕ್ಟೀರಿಯಾ ಇಲ್ಲದೆಯೇ ಗಂಟು ಕಟ್ಟಿತು! ಬ್ಯಾಕ್ಟೀರಿಯಾ ಬಾಗಿಲು ತಟ್ಟುವ ಅತಿಥಿ. ಮನೆ ಕಟ್ಟುವುದು ಗಿಡವೇ.

ಆ ಅತಿಥಿಯನ್ನು ಸಾಕುವುದೇನೂ ಅಗ್ಗವಲ್ಲ. ಎಲೆ ತಯಾರಿಸಿದ ಸಕ್ಕರೆಯಲ್ಲಿ ಅದಕ್ಕೂ ಪಾಲು ಹೋಗಬೇಕು. ಹಾಗಾಗಿ ಗಿಡ ಗಂಟುಗಳ ಸಂಖ್ಯೆಗೆ ಕಡಿವಾಣ ಹಾಕುತ್ತದೆ. ಬಾಳೆಗೊನೆಯನ್ನು ಹಣ್ಣಾಗಿಸುವ ಎಥಿಲೀನ್ ಅನಿಲವೂ ಇಂಥದೊಂದು ಕಡಿವಾಣ. ಎಥಿಲೀನನ್ನು ಗುರುತಿಸಲಾರದ ಒಂದು ಗಿಡದ ಬೇರಿನಲ್ಲಿ ಸುಮಾರು ಹತ್ತು ಪಟ್ಟು ಗಂಟುಗಳು ಮೂಡಿದ್ದನ್ನು 1997ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೆಚ್ಚು ಹೋಗುವುದಿಲ್ಲ.

ಮಲೆನಾಡಿನ ಕೃಷಿಕರಿಗೆ ಇದು ಕೇವಲ ಪ್ರಯೋಗಶಾಲೆಯ ಸಂಗತಿಯಲ್ಲ. ಇಲ್ಲಿನ ಜಡಿಮಳೆ ಮಣ್ಣಿನ ಸಾರಜನಕವನ್ನು ತೊಳೆದೊಯ್ಯುತ್ತದೆ; ಹುಳಿಮಣ್ಣು ಗಂಟು ಮೂಡಲು ಅಡ್ಡಿ ಮಾಡುತ್ತದೆ. ಸುಣ್ಣ ಹಾಕಿ ಹುಳಿ ತಗ್ಗಿಸಿದರೆ ಗಂಟಿಗೆ ಅನುಕೂಲ; ಯೂರಿಯಾ ಸುರಿದಷ್ಟೂ ಗಂಟು ಕಡಿಮೆ. ಅನೇಕ ತೋಟಗಳಲ್ಲಿ ಹಾಲವಾಣದ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಅದರಿಂದ ನಾಟಾ ಸಿಗುತ್ತದೆ, ಮೆಣಸೂ ಹಬ್ಬುತ್ತದೆ. ಆದರೆ ಅದು ದ್ವಿದಳ ಕುಟುಂಬದ ಮರವಲ್ಲ. ಅದರ ಬೇರಿನಲ್ಲಿ ಈ ಗಂಟುಗಳಿಲ್ಲ. ಹಾಲವಾಣ ಬಿಟ್ಟಿಯಾಗಿ ಕೊಡುತ್ತಿದ್ದ ಸಾರಜನಕವನ್ನು ಇನ್ನು ಗೊಬ್ಬರದ ಚೀಲದಲ್ಲಿ ಕೊಂಡು ತರಬೇಕು.